ಆಟ ಒಂದು, ಅಸ್ಮಿತೆ ಇನ್ನೊಂದು: ಗರ್ಭದ ಹಾರ್ಮೋನಿನ ಪ್ರಭಾವ ಎಲ್ಲಿಯವರೆಗೆ?

ಮಕ್ಕಳ ಲಿಂಗತ್ವದ ಚರ್ಚೆ ಎದ್ದಾಗಲೆಲ್ಲ ಎದುರುಬದುರಾಗಿ ನಿಂತ ಎರಡು ಬಣಗಳು ಒಂದೇ ಸಾಕ್ಷಿಯನ್ನು ಕಟಕಟೆಗೆ ಕರೆಯುತ್ತವೆ. ‘ಗರ್ಭದಲ್ಲೇ ಹಾರ್ಮೋನಿನಿಂದ ಮಿದುಳು ಹಾಗೆ ರೂಪುಗೊಂಡಿದೆ, ಅವರನ್ನು ದೂಷಿಸಿ ಫಲವಿಲ್ಲ’ ಎನ್ನುವುದು ಒಂದು ಬಣ. ‘ಬಸುರಿಯಲ್ಲಿ ನುಂಗಿದ ಮಾತ್ರೆ, ಪ್ಲಾಸ್ಟಿಕ್ ಡಬ್ಬಿಯ ಊಟ, ಇವುಗಳಿಂದಲೇ ಮಕ್ಕಳು ಹೀಗಾಗುತ್ತಿದ್ದಾರೆ’ ಎನ್ನುವುದು ಇನ್ನೊಂದು. ಇಬ್ಬರೂ ಕರೆಯುವ ಸಾಕ್ಷಿ ಹಾರ್ಮೋನು. ಅದು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಇಬ್ಬರಲ್ಲೂ ಕಡಿಮೆ.

ಆರು ದಶಕಗಳಿಗೂ ಹೆಚ್ಚಿನ ಸಂಶೋಧನೆಯನ್ನು ಒಟ್ಟಿಗಿಟ್ಟು ಓದಿದರೆ ನನಗೆ ಕಾಣುವುದು ಇಷ್ಟು. ಮಗು ಯಾವ ಆಟಿಕೆಯ ಕಡೆ ಕೈ ಚಾಚುತ್ತದೆ, ಎಷ್ಟು ಒರಟಾಗಿ ಆಡುತ್ತದೆ ಎಂಬುದರ ಮೇಲೆ ಗರ್ಭದ ಹಾರ್ಮೋನಿನ ಪ್ರಭಾವ ನಿಜವಾದದ್ದು, ಅಳೆಯಬಹುದಾದದ್ದು. ದೊಡ್ಡವರಾದ ಮೇಲೆ ಯಾರತ್ತ ಆಕರ್ಷಣೆ ಎಂಬುದರ ಮೇಲೆ ಅದಕ್ಕಿಂತ ಕಡಿಮೆ. ‘ನಾನು ಹುಡುಗ’ ಅಥವಾ ‘ನಾನು ಹುಡುಗಿ’ ಎಂಬ ಒಳಗಿನ ಅರಿವಿನ, ಅಂದರೆ ಅಸ್ಮಿತೆಯ, ಮೇಲೆ ಅದರ ಹಿಡಿತ ಇನ್ನೂ ಸಡಿಲ. ನಮ್ಮ ಸಾರ್ವಜನಿಕ ಮಾತುಕತೆ ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿಬಿಡುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ದೇಹದ ಮಾತು. ಗರ್ಭ ಕಟ್ಟಿದ ಮೊದಲ ಆರು ವಾರಗಳಲ್ಲಿ ಗಂಡು ಭ್ರೂಣಕ್ಕೂ ಹೆಣ್ಣು ಭ್ರೂಣಕ್ಕೂ ಜನನಾಂಗದ ರಚನೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ವೈ ಕ್ರೋಮೋಸೋಮಿನ ಮೇಲೆ ಎಸ್‌ಆರ್‌ವೈ ಎಂಬ ವಂಶವಾಹಿ ಇದ್ದರೆ (ಇದನ್ನು ಗುರುತಿಸಿದ್ದು 1990ರಲ್ಲಿ) ಜನನಗ್ರಂಥಿ ವೃಷಣವಾಗುವ ದಾರಿ ಹಿಡಿಯುತ್ತದೆ. ಎಂಟನೇ ವಾರದ ಹೊತ್ತಿಗೆ ಆ ವೃಷಣ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಸುರಿಸಲು ಶುರುಮಾಡುತ್ತದೆ. ಸುಮಾರು ಇಪ್ಪತ್ತನಾಲ್ಕನೇ ವಾರದವರೆಗೆ ಗಂಡು ಭ್ರೂಣದಲ್ಲಿ ಅದರ ಮಟ್ಟ ಹೆಣ್ಣು ಭ್ರೂಣಕ್ಕಿಂತ ಬಹಳ ಮೇಲಿದ್ದು ನಂತರ ಇಳಿಯುತ್ತದೆ. ಹುಟ್ಟಿದ ಮೇಲೆ ಒಂದರಿಂದ ಮೂರನೇ ತಿಂಗಳ ನಡುವೆ ಗಂಡು ಮಗುವಿನಲ್ಲಿ ಮತ್ತೊಮ್ಮೆ ಏರಿ, ಆಮೇಲೆ ಹರೆಯದವರೆಗೆ ಸುಮ್ಮನಾಗುತ್ತದೆ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ತಾಯಿಮೊಲದ ಗರ್ಭದೊಳಗೇ ಮರಿಗಳ ಜನನಗ್ರಂಥಿಯನ್ನು ತೆಗೆದು ನೋಡಿದ್ದರು. ಕ್ರೋಮೋಸೋಮು ಯಾವುದೇ ಇರಲಿ, ಮರಿಯ ಜನನಾಂಗ ಹೆಣ್ಣಿನಂತೆಯೇ ಬೆಳೆಯಿತು. ಗಂಡು ದೇಹ ರೂಪುಗೊಳ್ಳಲು ವೃಷಣದ ಸ್ರಾವ ಬೇಕೇ ಬೇಕು ಎಂಬುದು ಅಲ್ಲಿಗೆ ಖಚಿತವಾಯಿತು.

ದೇಹಕ್ಕೆ ನಿಜವಾದದ್ದು ಮಿದುಳಿಗೂ ನಿಜವೇ? ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫೀನಿಕ್ಸ್, ರಾಬರ್ಟ್ ಗೋಯ್ ಮತ್ತು ಸಂಗಡಿಗರು ಬಸುರಿ ಗಿನಿಪಿಗ್‌ಗಳಿಗೆ ಟೆಸ್ಟೋಸ್ಟೆರಾನ್ ಚುಚ್ಚಿ 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದ ಹೆಣ್ಣು ಮರಿಗಳು ಬೆಳೆದ ಮೇಲೂ, ಹೆಣ್ಣಿನ ಹಾರ್ಮೋನು ಕೊಟ್ಟಾಗಲೂ, ಹೆಣ್ಣಿನ ಲೈಂಗಿಕ ವರ್ತನೆಯನ್ನು ಸರಿಯಾಗಿ ತೋರಲಿಲ್ಲ. ಗರ್ಭದಲ್ಲಿ ಸಿಕ್ಕ ಹಾರ್ಮೋನು ಮಿದುಳಿನ ವ್ಯವಸ್ಥೆಯನ್ನೇ ಕಾಯಂ ಆಗಿ ಕಟ್ಟುತ್ತದೆ, ಹರೆಯದಲ್ಲಿ ಬರುವ ಹಾರ್ಮೋನು ಅದನ್ನು ಚಾಲೂ ಮಾಡುತ್ತದೆ ಅಷ್ಟೆ ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಅದೇ ರೀತಿ ಗರ್ಭದಲ್ಲಿ ಟೆಸ್ಟೋಸ್ಟೆರಾನ್ ಪಡೆದ ರೀಸಸ್ ಹೆಣ್ಣು ಮಂಗಗಳು ಗಂಡು ಮರಿಗಳಂತೆ ಕುಸ್ತಿಯಾಟ ಆಡಿದವು. ಆದರೆ ಮಂಗವನ್ನು ‘ನೀನು ಯಾರು’ ಎಂದು ಕೇಳಲು ಬರುವುದಿಲ್ಲ. ಪ್ರಾಣಿ ಪ್ರಯೋಗ ವರ್ತನೆಯವರೆಗೆ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ.

ಬಸುರಿ ಹೆಂಗಸಿಗೆ ಹಾರ್ಮೋನು ಚುಚ್ಚಿ ನೋಡುವಂತಿಲ್ಲ. ಹಾಗಾಗಿ ಪ್ರಕೃತಿಯೇ ಮಾಡಿದ ಪ್ರಯೋಗಗಳನ್ನು ಹುಡುಕಬೇಕಾಯಿತು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಸಿಎಎಚ್ ಎಂದು ವೈದ್ಯರು ಚುಟುಕಾಗಿ ಕರೆಯುವ ಜನ್ಮಜಾತ ಅಡ್ರಿನಲ್ ತೊಂದರೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸಬೇಕು. ಅದಕ್ಕೆ ಬೇಕಾದ ಒಂದು ಕಿಣ್ವ ಕೆಲಸ ಮಾಡದಿದ್ದರೆ ಕಚ್ಚಾವಸ್ತು ಅಲ್ಲೇ ರಾಶಿ ಬೀಳುತ್ತದೆ. ಕಾರ್ಟಿಸಾಲ್ ಸಾಲದು ಎಂದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಒತ್ತಾಯಿಸಿದಷ್ಟೂ ಅಡ್ರಿನಲ್ ಉಬ್ಬಿ ದುಡಿಯುತ್ತದೆ. ರಾಶಿ ಬಿದ್ದ ವಸ್ತುವೆಲ್ಲ ಗಂಡು ಹಾರ್ಮೋನುಗಳ, ಅಂದರೆ ಆಂಡ್ರೋಜನ್‌ಗಳ, ಕಡೆ ತಿರುಗುತ್ತದೆ. ಹೆಣ್ಣು ಭ್ರೂಣದಲ್ಲಿ ಹೀಗಾದರೆ ಅಂಡಾಶಯ, ಗರ್ಭಕೋಶ ಎಂದಿನಂತೆಯೇ ಇರುತ್ತವೆ, ಹೊರ ಜನನಾಂಗ ಮಾತ್ರ ಕಡಿಮೆಯಿಂದ ಹಿಡಿದು ಪೂರ್ತಿಯವರೆಗೆ ಗಂಡಿನಂತೆ ಕಾಣಬಹುದು. ಹುಟ್ಟಿದ ಕೂಡಲೇ ಪತ್ತೆಯಾಗಿ ಔಷಧ ಶುರುವಾದರೆ ಆಂಡ್ರೋಜನ್ ಮಟ್ಟ ಹತೋಟಿಗೆ ಬರುತ್ತದೆ. ಅಂದರೆ ಈ ಹುಡುಗಿಯರಿಗೆ ಗಂಡು ಹಾರ್ಮೋನು ಬಹುಪಾಲು ಸಿಕ್ಕಿದ್ದು ಗರ್ಭದಲ್ಲಿ ಮಾತ್ರ. ಬೆಳೆದದ್ದು ಹುಡುಗಿಯರಾಗಿ. ಸಂಶೋಧಕರಿಗೆ ಇದಕ್ಕಿಂತ ಅನುಕೂಲದ ಸಂದರ್ಭ ಬೇರೊಂದಿಲ್ಲ.

ಶೆರಿ ಬೆರೆನ್‌ಬಾಮ್ ಮತ್ತು ಮೆಲಿಸ್ಸಾ ಹೈನ್ಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳ ಮುಂದೆ ಆಟಿಕೆಗಳನ್ನು ಹರಡಿದರು. ಕಾರು ಇತ್ತು, ಕಟ್ಟುವ ಆಟಿಕೆ ಇತ್ತು, ಗೊಂಬೆ ಇತ್ತು, ಅಡುಗೆ ಸಾಮಾನು ಇತ್ತು. ಸಿಎಎಚ್ ಇದ್ದ ಹುಡುಗಿಯರು, ಆ ತೊಂದರೆ ಇಲ್ಲದ ತಮ್ಮದೇ ನೆಂಟರ ಹುಡುಗಿಯರಿಗಿಂತ ಬಹಳ ಹೆಚ್ಚು ಹೊತ್ತು ಕಾರುಗಳ ಜೊತೆ ಕಳೆದರು. ಇದು ಬಿಡಿ ಫಲಿತಾಂಶವಲ್ಲ, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಸ್ವೀಡನ್ನಿನ ಆನಾ ನಾರ್ಡೆನ್‌ಸ್ಟ್ರೋಮ್ ತಂಡ 2002ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಂಶವಾಹಿಯ ದೋಷ ತೀವ್ರವಾದಷ್ಟೂ, ಅಂದರೆ ಗರ್ಭದಲ್ಲಿ ಆಂಡ್ರೋಜನ್ ಹೆಚ್ಚಿದಷ್ಟೂ, ಹುಡುಗರ ಆಟಿಕೆಯ ಕಡೆ ಒಲವು ಹೆಚ್ಚುತ್ತಿತ್ತು.

ಇಲ್ಲಿ ಸಹಜವಾಗಿಯೇ ಆಕ್ಷೇಪ ಬರುತ್ತದೆ. ಹುಟ್ಟಿದಾಗ ‘ಗಂಡೋ ಹೆಣ್ಣೋ’ ಎಂಬ ಅನುಮಾನಕ್ಕೆ ಗುರಿಯಾದ ಮಗುವನ್ನು ತಂದೆತಾಯಿ ಬೇರೆ ಕಣ್ಣಿನಿಂದ ನೋಡಿ, ತಾವೇ ಗಂಡುಬೀರಿಯನ್ನಾಗಿ ಬೆಳೆಸಿದ್ದರೆ? ಇದನ್ನು ಪರೀಕ್ಷಿಸಿದ್ದು ವಿಕಿ ಪಾಸ್ಟರ್ಸ್ಕಿ ತಂಡ, 2005ರಲ್ಲಿ. ಕಂಡದ್ದು ತಿರುಗುಮುರುಗು. ಹೆತ್ತವರು ಸಿಎಎಚ್ ಇದ್ದ ಮಗಳು ಗೊಂಬೆ ಹಿಡಿದಾಗ ಅವಳ ಅಕ್ಕತಂಗಿಯರಿಗೆ ಕೊಡುವುದಕ್ಕಿಂತ ಹೆಚ್ಚು ಪ್ರೋತ್ಸಾಹ ಕೊಡುತ್ತಿದ್ದರು. ಅವಳು ಮತ್ತೆ ಕಾರಿನ ಕಡೆಗೇ ಹೋಗುತ್ತಿದ್ದಳು.

ನನಗೆ ಎಲ್ಲಕ್ಕಿಂತ ಕುತೂಹಲದ್ದಾಗಿ ಕಂಡದ್ದು ಹೈನ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಮಕ್ಕಳ ಮುಂದಿಟ್ಟದ್ದು ಹುಡುಗರದ್ದೂ ಅಲ್ಲದ ಹುಡುಗಿಯರದ್ದೂ ಅಲ್ಲದ ವಸ್ತುಗಳು. ಕೆಲವನ್ನು ತೋರಿಸಿ ‘ಇದು ಹುಡುಗಿಯರಿಗೆ’ ಎಂದರು, ಕೆಲವನ್ನು ‘ಇದು ಹುಡುಗರಿಗೆ’ ಎಂದರು. ಸಾಮಾನ್ಯವಾಗಿ ಹುಡುಗಿಯರು ತಮಗೆಂದು ಹೇಳಿದ್ದನ್ನೇ ಆರಿಸಿಕೊಳ್ಳುತ್ತಾರೆ, ಇತರ ಹೆಂಗಸರು ಆರಿಸಿದ್ದನ್ನು ನೋಡಿ ಅನುಕರಿಸುತ್ತಾರೆ. ಸಿಎಎಚ್ ಇದ್ದ ಹುಡುಗಿಯರಲ್ಲಿ ಈ ಪ್ರವೃತ್ತಿ ಕಡಿಮೆ ಇತ್ತು. ಹಾಗೆಂದು ಅವರು ತಮ್ಮನ್ನು ಹುಡುಗರೆಂದು ಭಾವಿಸಿರಲಿಲ್ಲ. ‘ಹೆಣ್ಣುಮಕ್ಕಳು ಹೀಗಿರಬೇಕು’ ಎಂಬ ಮಾತಿಗೆ ಅವರು ಅಷ್ಟಾಗಿ ಕಿವಿಗೊಡುತ್ತಿರಲಿಲ್ಲ, ಅಷ್ಟೆ. ಹಾರ್ಮೋನು ಒಂದು ಕಡೆ, ಸಮಾಜ ಇನ್ನೊಂದು ಕಡೆ ಎಂದು ಗೆರೆ ಎಳೆದು ಜಗಳವಾಡುವವರಿಗೆ ಈ ಫಲಿತಾಂಶ ಇರುಸುಮುರುಸು ತರಬೇಕು. ಸಮಾಜದ ಮಾತು ಮಗುವಿನೊಳಗೆ ಎಷ್ಟು ಇಳಿಯುತ್ತದೆ ಎಂಬುದನ್ನೇ ಹಾರ್ಮೋನು ಒಂದಿಷ್ಟು ಬದಲಿಸುತ್ತಿರಬಹುದು.

ಈಗ ಅಸ್ಮಿತೆಗೆ ಬರೋಣ. ನೆದರ್ಲೆಂಡ್ಸ್‌ನ ಡೆಸ್ಸೆನ್ಸ್ ಮತ್ತು ಸಂಗಡಿಗರು ಅದುವರೆಗಿನ ವರದಿಗಳನ್ನೆಲ್ಲ ಜಾಲಾಡಿ 2005ರಲ್ಲಿ ಒಂದು ಲೆಕ್ಕ ಕೊಟ್ಟರು. ಹೆಣ್ಣಾಗಿ ಬೆಳೆಸಲಾದ, ಎಕ್ಸ್‌ಎಕ್ಸ್ ಕ್ರೋಮೋಸೋಮಿನ, ಸಿಎಎಚ್ ಇದ್ದ 250 ಮಂದಿಯಲ್ಲಿ ತಮ್ಮ ಲಿಂಗತ್ವದ ಬಗ್ಗೆ ಗಂಭೀರ ಸಂಕಟ ಇದ್ದವರು 13 ಮಂದಿ, ಅಂದರೆ ಶೇ 5.2. ಸಾಮಾನ್ಯ ಜನರಲ್ಲಿನ ಪ್ರಮಾಣಕ್ಕೆ ಹೋಲಿಸಿದರೆ ಇದು ಖಂಡಿತ ಹೆಚ್ಚು, ಹಾರ್ಮೋನಿಗೆ ಏನೂ ಪಾತ್ರವಿಲ್ಲ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು. ಆದರೆ ಉಳಿದ 237 ಮಂದಿಯನ್ನೂ ನೋಡಬೇಕಲ್ಲ. ಹೆಣ್ಣು ಭ್ರೂಣಕ್ಕೆ ಸಿಗಬಾರದಷ್ಟು ಆಂಡ್ರೋಜನ್‌ನಲ್ಲಿ ತಿಂಗಳುಗಟ್ಟಲೆ ಮುಳುಗಿದ್ದು, ಕೆಲವರು ಗಂಡಿನಂತೆ ಕಾಣುವ ಜನನಾಂಗದೊಂದಿಗೆ ಹುಟ್ಟಿ, ಕಾರು ಆಡಿ ಬೆಳೆದೂ ಅವರು ‘ನಾನು ಹೆಣ್ಣು’ ಎಂದೇ ಬದುಕಿದರು. ಆಕರ್ಷಣೆಯ ವಿಷಯದಲ್ಲೂ ಸಲಿಂಗ ಅಥವಾ ದ್ವಿಲಿಂಗ ಒಲವು ಈ ಮಹಿಳೆಯರಲ್ಲಿ ಸರಾಸರಿಗಿಂತ ಹೆಚ್ಚು, ಆದರೂ ಬಹುಪಾಲು ಮಂದಿ ಪುರುಷರ ಕಡೆಗೇ ಆಕರ್ಷಿತರು. ಗೊಂಬೆ ಬೇಡವೆಂದ ಮಗಳನ್ನು ನೋಡಿ ‘ಇವಳು ನಾಳೆ ಏನಾಗುತ್ತಾಳೋ’ ಎಂದು ನಿದ್ದೆಗೆಡುವ ಹೆತ್ತವರು ಈ 237 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇದಕ್ಕೆ ತಲೆಕೆಳಗಾದ ಪ್ರಕರಣಗಳೂ ಇವೆ. ಎಕ್ಸ್‌ವೈ ಕ್ರೋಮೋಸೋಮು, ಒಳಗೆ ವೃಷಣ, ರಕ್ತದಲ್ಲಿ ಗಂಡಿನಷ್ಟೇ ಟೆಸ್ಟೋಸ್ಟೆರಾನ್ ಇದ್ದರೂ ಅದನ್ನು ಹಿಡಿದುಕೊಳ್ಳುವ ಗ್ರಾಹಕವೇ ಕೆಲಸ ಮಾಡದವರಿದ್ದಾರೆ. ಹೊರ ದೇಹ ಪೂರ್ತಿ ಹೆಣ್ಣಿನದು. ಹರೆಯ ದಾಟಿದರೂ ಮುಟ್ಟಾಗದೆ ವೈದ್ಯರ ಬಳಿ ಹೋದಾಗಲೇ ಎಷ್ಟೋ ಸಲ ವಿಷಯ ಬಯಲಾಗುತ್ತದೆ. ಇವರಲ್ಲಿ ಬಹುತೇಕ ಎಲ್ಲರೂ ಹೆಣ್ಣೆಂದೇ ಬದುಕುತ್ತಾರೆ. ಆದರೆ ಇದರಿಂದ ತೀರ್ಮಾನಕ್ಕೆ ಬರುವುದು ಕಷ್ಟ. ಹಾರ್ಮೋನಿನ ಕೆಲಸ ನಡೆಯದ್ದೂ ಹೆಣ್ಣಿನ ಕಡೆಗೆ, ಬೆಳೆಸಿದ್ದೂ ಹೆಣ್ಣಾಗಿ, ಎರಡೂ ಒಂದೇ ದಿಕ್ಕಿಗೆ ಎಳೆದಿರುತ್ತವೆ.

ಎರಡೂ ಬೇರೆ ದಿಕ್ಕಿಗೆ ಎಳೆದರೆ? ಡೊಮಿನಿಕನ್ ಗಣರಾಜ್ಯದ ಕೆಲವು ಹಳ್ಳಿಗಳಲ್ಲಿ ಒಂದು ಕಿಣ್ವದ ಕೊರತೆಯಿಂದ ಎಕ್ಸ್‌ವೈ ಮಕ್ಕಳು ಹೆಣ್ಣಿನಂತೆ ಕಾಣುವ ಜನನಾಂಗದೊಂದಿಗೆ ಹುಟ್ಟಿ, ಹರೆಯದಲ್ಲಿ ಗಂಡಿನ ದೇಹ ಪಡೆಯುತ್ತಿದ್ದರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲೆ ತಂಡ 1979ರಲ್ಲಿ ವರದಿ ಮಾಡಿದಂತೆ, ಹುಡುಗಿಯರಾಗಿ ಬೆಳೆದ 18 ಮಂದಿಯಲ್ಲಿ 17 ಮಂದಿ ಹರೆಯದ ನಂತರ ಗಂಡಿನ ಅಸ್ಮಿತೆಗೆ ಬಂದರು. ಹಾರ್ಮೋನಿನ ಪರ ವಾದಿಸುವವರ ದೊಡ್ಡ ಅಸ್ತ್ರ ಇದು. ಆದರೆ ಮೀಸೆ, ಗಡಸು ದನಿ ಬಂದ ಮೇಲೆ ಹೆಣ್ಣೆಂದು ಉಳಿಯುವುದು ಎಷ್ಟು ಸುಲಭ? ಗಂಡಸಿಗೆ ಹೆಚ್ಚು ಸ್ವಾತಂತ್ರ್ಯವಿರುವ ಸಮಾಜದಲ್ಲಿ ಆ ದಾಟುವಿಕೆ ಲಾಭದಾಯಕವೂ ಹೌದು. ಜೊತೆಗೆ ಆ ಊರವರು ಇಂಥ ಮಕ್ಕಳನ್ನು ಬಹಳ ಹಿಂದಿನಿಂದ ಬಲ್ಲವರಾಗಿ, ಅವರಿಗೆಂದೇ ಹೆಸರಿಟ್ಟಿದ್ದರು. ಮಕ್ಕಳು ನಿಜಕ್ಕೂ ಅನುಮಾನವಿಲ್ಲದೆ ಹುಡುಗಿಯರಾಗಿ ಬೆಳೆದರೇ ಎಂಬ ಪ್ರಶ್ನೆ ಉಳಿದೇ ಇದೆ.

ಡೇವಿಡ್ ರೈಮರ್ ಕತೆ ಇನ್ನೂ ಪ್ರಸಿದ್ಧ, ಇನ್ನೂ ದಾರುಣ. 1965ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿದ ಅವಳಿ ಗಂಡುಮಕ್ಕಳಲ್ಲಿ ಒಬ್ಬ. ಎಂಟು ತಿಂಗಳ ಮಗುವಾಗಿದ್ದಾಗ ಸುನ್ನತಿ ಶಸ್ತ್ರಚಿಕಿತ್ಸೆಯ ಅವಘಡದಲ್ಲಿ ಶಿಶ್ನ ಸುಟ್ಟುಹೋಯಿತು. ಮಗು ಗಂಡಾಗುವುದೋ ಹೆಣ್ಣಾಗುವುದೋ ಬೆಳೆಸುವುದರಲ್ಲಿದೆ ಎಂದು ನಂಬಿದ್ದ ಮನೋವಿಜ್ಞಾನಿ ಜಾನ್ ಮನಿಯವರ ಸಲಹೆಯಂತೆ ವೃಷಣ ತೆಗೆಸಿ ಹುಡುಗಿಯಾಗಿ ಬೆಳೆಸಲಾಯಿತು. ವೈದ್ಯಲೋಕಕ್ಕೆ ಇದು ಯಶಸ್ಸಿನ ಕತೆಯಾಗಿ ವರ್ಷಗಟ್ಟಲೆ ತಲುಪಿತು. ಮಗು ಮಾತ್ರ ಒಂದು ದಿನವೂ ನೆಮ್ಮದಿಯಾಗಿರಲಿಲ್ಲ. ಹದಿನಾಲ್ಕರ ಹೊತ್ತಿಗೆ ಸತ್ಯ ತಿಳಿದು ಗಂಡಾಗಿ ಬದುಕಲು ತೀರ್ಮಾನಿಸಿದರು. ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್ಸನ್ 1997ರಲ್ಲಿ ನಿಜಸ್ಥಿತಿಯನ್ನು ಪ್ರಕಟಿಸಿದರು. 2004ರಲ್ಲಿ ರೈಮರ್ ಆತ್ಮಹತ್ಯೆ ಮಾಡಿಕೊಂಡರು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಕೆನಡಾದಲ್ಲೇ ಅಂಥದೇ ಅವಘಡಕ್ಕೆ ಒಳಗಾಗಿ, ಏಳು ತಿಂಗಳ ವಯಸ್ಸಿಗೇ ಹೆಣ್ಣಾಗಿ ಬದಲಾಯಿಸಲಾದ ಇನ್ನೊಂದು ಮಗುವಿನ ವರದಿ 1998ರಲ್ಲಿ ಬಂತು. ಆಕೆ ಇಪ್ಪತ್ತಾರನೇ ವಯಸ್ಸಿನಲ್ಲೂ ತನ್ನನ್ನು ಹೆಣ್ಣೆಂದೇ ಹೇಳಿಕೊಳ್ಳುತ್ತಿದ್ದರು. 2004ರಲ್ಲಿ ರೈನರ್ ಮತ್ತು ಗಿಯರ್‌ಹಾರ್ಟ್, ಕಿಬ್ಬೊಟ್ಟೆಯ ತೀವ್ರ ಜನ್ಮದೋಷದಿಂದಾಗಿ ಹೆಣ್ಣಾಗಿ ಬೆಳೆಸಲಾದ 14 ಎಕ್ಸ್‌ವೈ ಮಕ್ಕಳ ವಿವರ ಕೊಟ್ಟರು. ಎಂಟು ಮಕ್ಕಳು ತಾವು ಗಂಡೆಂದು ಘೋಷಿಸಿಕೊಂಡಿದ್ದರು, ಐವರು ಹೆಣ್ಣಾಗಿಯೇ ಉಳಿದಿದ್ದರು. ಒಂದೇ ರೀತಿಯ ಗರ್ಭ, ಒಂದೇ ರೀತಿಯ ಹಾರ್ಮೋನು, ಫಲ ಬೇರೆ ಬೇರೆ. ಬೆಳೆಸುವುದೇ ಎಲ್ಲ ಎಂಬ ಮನಿಯವರ ವಾದ ಬಿದ್ದುಹೋಯಿತು, ಸರಿ. ಅದರ ಜಾಗಕ್ಕೆ ಹಾರ್ಮೋನೇ ಎಲ್ಲ ಎಂಬ ವಾದವನ್ನು ತಂದು ಕೂರಿಸಲು ಈ ಅಂಕಿಗಳು ಅವಕಾಶ ಕೊಡುವುದಿಲ್ಲ.

ಇವೆಲ್ಲ ಅಪರೂಪದ ಸ್ಥಿತಿಗಳು. ಯಾವ ತೊಂದರೆಯೂ ಇಲ್ಲದ ಸಾಮಾನ್ಯ ಬಸುರಿನಲ್ಲಿ ಹಾರ್ಮೋನಿನ ಸಣ್ಣ ಏರಿಳಿತ ಮಗುವಿನ ಆಟವನ್ನು ಬದಲಿಸುತ್ತದೆಯೇ? ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ಅವರ ತಂಡ ಗರ್ಭನೀರಿನ ಟೆಸ್ಟೋಸ್ಟೆರಾನ್ ಅಳೆದು ಮಕ್ಕಳನ್ನು ಹಿಂಬಾಲಿಸಿತು. 2005ರ ವರದಿಯಲ್ಲಿ ಆಟಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ, 2009ರ ದೊಡ್ಡ ಅಧ್ಯಯನದಲ್ಲಿ ಸಿಕ್ಕಿತು. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ತಾಯಿಯ ರಕ್ತದ ಟೆಸ್ಟೋಸ್ಟೆರಾನ್ ಹೆಣ್ಣುಮಕ್ಕಳ ಆಟದೊಂದಿಗೆ ಸ್ವಲ್ಪ ಹೊಂದಿತು, ಗಂಡುಮಕ್ಕಳಲ್ಲಿ ಹೊಂದಲಿಲ್ಲ. ಗರ್ಭನೀರನ್ನು ತೆಗೆಯುವುದೇ ವೈದ್ಯಕೀಯ ಕಾರಣವಿದ್ದಾಗ, ಅದೂ ಒಂದೇ ಒಂದು ಸಲ. ದಿನದಿನಕ್ಕೆ ಬದಲಾಗುವ ಹಾರ್ಮೋನನ್ನು ಒಂದು ಸಲ ಅಳೆದು ಮಗುವಿನ ಸ್ವಭಾವ ಹೇಳಹೊರಟರೆ ಹೀಗೇ ಆಗುವುದು. ತೋರುಬೆರಳು ಮತ್ತು ಉಂಗುರದ ಬೆರಳಿನ ಉದ್ದದ ಅನುಪಾತ ನೋಡಿ ಗರ್ಭದ ಹಾರ್ಮೋನನ್ನು ಲೆಕ್ಕಹಾಕುವ ವಿದ್ಯೆಯೊಂದು ಜನಪ್ರಿಯವಾಗಿದೆ. ಗುಂಪುಗಳ ಸರಾಸರಿಗೆ ಅದು ಒಂದಿಷ್ಟು ಉಪಯೋಗಕ್ಕೆ ಬಂದೀತು, ನಿಮ್ಮ ಮಗುವಿನ ಕೈ ನೋಡಿ ಹೇಳುವುದು ಹಸ್ತಸಾಮುದ್ರಿಕಕ್ಕಿಂತ ಬಹಳ ಮೇಲಿನದೇನಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ಮಿದುಳು ಹುಟ್ಟಿನಿಂದಲೇ ಬೇರೆ ಎಂದು ಓಡಾಡುವ ಮಾತಿಗೂ ಮೂಲ ಇದೆ. ಡಚ್ ಸಂಶೋಧಕರು 1995ರಲ್ಲಿ ಆರು ಟ್ರಾನ್ಸ್ ಮಹಿಳೆಯರ (ಗಂಡು ದೇಹದಲ್ಲಿ ಹುಟ್ಟಿ ತಮ್ಮನ್ನು ಹೆಣ್ಣೆಂದು ಗುರುತಿಸಿಕೊಂಡವರ) ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಒಂದು ಪುಟ್ಟ ಭಾಗ ಹೆಂಗಸರ ಅಳತೆಗೆ ಸಮೀಪವಿದೆ ಎಂದರು. ಆದರೆ ಅದೇ ಗುಂಪಿನ 2002ರ ಕೆಲಸದ ಪ್ರಕಾರ ಆ ಭಾಗದ ಗಾತ್ರದಲ್ಲಿ ಗಂಡುಹೆಣ್ಣಿನ ವ್ಯತ್ಯಾಸ ಕಾಣಿಸುವುದು ಪ್ರಾಯಕ್ಕೆ ಬಂದ ಮೇಲೆ. ಮಗುವಾಗಿದ್ದಾಗಲೇ ‘ನಾನು ಹುಡುಗಿ’ ಎನ್ನುವುದಕ್ಕೆ ಪ್ರಾಯದಲ್ಲಿ ಮೂಡುವ ವ್ಯತ್ಯಾಸವನ್ನು ಕಾರಣವಾಗಿ ತೋರಿಸುವುದು ಹೇಗೆ? ಭಾರತದ ಸುಪ್ರೀಂ ಕೋರ್ಟ್ 2014ರಲ್ಲಿ ಲಿಂಗತ್ವವನ್ನು ಸ್ವತಃ ಘೋಷಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದದ್ದಾಗಲಿ, ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿ ತಂದದ್ದಾಗಲಿ ಮಿದುಳಿನ ಅಳತೆ ನೋಡಿ ಅಲ್ಲ. ಹಕ್ಕಿನ ಪರ ಮಾತಾಡುವವರು ಆ ವಾದವನ್ನು ಇಷ್ಟು ದುರ್ಬಲ ಪುರಾವೆಗೆ ಏಕೆ ಜೋತುಹಾಕುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಇನ್ನು ತಾಯಂದಿರನ್ನು ಕಾಡುವ ಪ್ರಶ್ನೆ: ಮಾತ್ರೆ ಮತ್ತು ಪ್ಲಾಸ್ಟಿಕ್. ಪ್ಲಾಸ್ಟಿಕ್ ಮೆದುವಾಗಿಸುವ ಥಾಲೇಟ್ ರಾಸಾಯನಿಕಗಳು ಬಸುರಿನಲ್ಲಿ ಹೆಚ್ಚಾಗಿದ್ದ ತಾಯಂದಿರ ಗಂಡುಮಕ್ಕಳು ಹುಡುಗರ ರೂಢಿಯ ಆಟವನ್ನು ತುಸು ಕಡಿಮೆ ಆಡಿದರು ಎಂದು ಶಾನಾ ಸ್ವಾನ್ ತಂಡ 2010ರಲ್ಲಿ ವರದಿ ಮಾಡಿತು. ಅದು ಹೇಳಿದ್ದು ಆಟದ ಅಂಕಗಳ ವಿಷಯ. ಅಸ್ಮಿತೆಯ ಬಗ್ಗೆ ಅದರಲ್ಲಿ ಏನೂ ಇಲ್ಲ. ಗರ್ಭಪಾತ ತಡೆಯಲೆಂದು 1950ರ ದಶಕದಲ್ಲಿ ಕೊಟ್ಟ ಕೆಲವು ಕೃತಕ ಪ್ರೊಜೆಸ್ಟಿನ್‌ಗಳು (ಬಸುರನ್ನು ಕಾಯುವ ಪ್ರೊಜೆಸ್ಟೆರಾನ್ ಹಾರ್ಮೋನಿನ ನಕಲುಗಳು) ಆಂಡ್ರೋಜನ್‌ನಂತೆ ವರ್ತಿಸಿ ಹೆಣ್ಣು ಶಿಶುಗಳ ಜನನಾಂಗವನ್ನು ಬದಲಿಸಿದ್ದು ನಿಜ. ಇಂದು ನಮ್ಮ ಊರುಗಳಲ್ಲಿ ಬಸುರಿಯರಿಗೆ ಬರೆದುಕೊಡುವ ಸಹಜ ಪ್ರೊಜೆಸ್ಟೆರಾನ್ ಆ ಜಾತಿಯದಲ್ಲ. ಹಳೆಯ ಕತೆ ಓದಿ ಮಾತ್ರೆ ನಿಲ್ಲಿಸುವವರು ವೈದ್ಯರನ್ನು ಕೇಳಿ ಮುಂದುವರಿಯಲಿ.

ನಿಜಕ್ಕೂ ಹೆದರಬೇಕಾದ ಮದ್ದು ಬೇರೆ ಇದೆ. ಗಂಡು ಮಗುವಾಗಲಿ ಎಂದು ಬಸುರಿಯ ಎರಡನೇ ಮೂರನೇ ತಿಂಗಳಲ್ಲಿ ನಾಟಿ ಮದ್ದು ಕೊಡುವ ಪದ್ಧತಿ ಉತ್ತರ ಭಾರತದ ಕೆಲವೆಡೆ ಇದೆ. ಹರಿಯಾಣದಲ್ಲಿ ಅದನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಸಂಶೋಧಕರು, ಅಂಥ ಮದ್ದು ತಿಂದ ತಾಯಂದಿರ ಮಕ್ಕಳಲ್ಲಿ ಜನ್ಮದೋಷದ ಅಪಾಯ ಸುಮಾರು ಮೂರು ಪಟ್ಟು ಎಂದು ಕಂಡರು. ಮದ್ದಿನ ಮಾದರಿಗಳಲ್ಲಿ ಹಾರ್ಮೋನಿನಂತೆ ವರ್ತಿಸುವ ಸಸ್ಯಜನ್ಯ ವಸ್ತುಗಳು ಸಿಕ್ಕವು. ಮಗುವಿನ ಕ್ರೋಮೋಸೋಮು ಗರ್ಭ ಕಟ್ಟಿದ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ. ಆಮೇಲೆ ಕೊಡುವ ಮದ್ದು ಗಂಡನ್ನು ತರಲಾರದು, ಅಂಗಾಂಗ ಮೂಡುವ ಅತಿ ಸೂಕ್ಷ್ಮ ವಾರಗಳಲ್ಲಿ ಭ್ರೂಣವನ್ನು ಕೆಡಿಸಬಲ್ಲದು. ಗರ್ಭದ ಹಾರ್ಮೋನಿಗೆ ಜನ ಕೈ ಹಾಕುತ್ತಿರುವುದು ಇಲ್ಲಿ, ಅದೂ ಗಂಡುಮಗುವಿನ ಹಂಬಲದಿಂದ.

ವೈದ್ಯರೂ ಕೈ ಹಾಕಿದ್ದುಂಟು. ಸಿಎಎಚ್ ಸಾಧ್ಯತೆ ಇರುವ ಬಸುರಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಔಷಧ ಕೊಟ್ಟರೆ ಹೆಣ್ಣು ಭ್ರೂಣದ ಜನನಾಂಗ ಗಂಡಿನಂತಾಗುವುದು ತಪ್ಪುತ್ತದೆ. ಆದರೆ ಭ್ರೂಣ ಹೆಣ್ಣೇ, ರೋಗವಿದೆಯೇ ಎಂದು ತಿಳಿಯುವ ಮೊದಲೇ ಶುರುಮಾಡಬೇಕು. ರೋಗ ಬರುವುದು ನಾಲ್ಕರಲ್ಲಿ ಒಂದು ಭ್ರೂಣಕ್ಕೆ, ಅವುಗಳಲ್ಲೂ ಅರ್ಧ ಗಂಡು; ಲೆಕ್ಕ ಹಾಕಿದರೆ ಎಂಟರಲ್ಲಿ ಏಳು ಭ್ರೂಣಗಳಿಗೆ ಅದು ವೃಥಾ ಸಿಗುತ್ತದೆ. ಮಕ್ಕಳ ಬುದ್ಧಿಶಕ್ತಿಯ ಮೇಲೆ ಪರಿಣಾಮದ ಆತಂಕದಿಂದ ಸ್ವೀಡನ್ ಇದನ್ನು 2010ರಲ್ಲಿ ನಿಲ್ಲಿಸಿತು.

ಸಿಎಎಚ್ ನಮಗೆ ದೂರದ ವಿಷಯವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಚೆನ್ನೈಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸಿಕ್ಕ ಪ್ರಮಾಣ 5,762ಕ್ಕೆ ಒಂದು. ಜಗತ್ತಿನಲ್ಲಿ ಸಾಮಾನ್ಯವಾಗಿ ಹೇಳುವುದು ಸುಮಾರು 15,000ಕ್ಕೆ ಒಂದು. ಚೆನ್ನೈನಲ್ಲಿ ಪ್ರಮಾಣ ಇನ್ನೂ ಹೆಚ್ಚಿತ್ತು. ತಂದೆತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ ಇದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಗಟ್ಟಿಯಾಗಿರುವ ಕರ್ನಾಟಕ, ತಮಿಳುನಾಡಿನಂಥ ಕಡೆ ಅಂಥ ಸಾಧ್ಯತೆ ಹೆಚ್ಚು.

ಹೆಣ್ಣು ಶಿಶುವಾದರೆ ಜನನಾಂಗ ನೋಡಿ ಅನುಮಾನ ಬರುತ್ತದೆ, ಪರೀಕ್ಷೆ ನಡೆಯುತ್ತದೆ. ಆಮೇಲೆ ಬರುವುದು ಶಸ್ತ್ರಚಿಕಿತ್ಸೆಯ ಅವಸರ. ಮದ್ರಾಸ್ ಹೈಕೋರ್ಟಿನ 2019ರ ತೀರ್ಪಿನ ನಂತರ ತಮಿಳುನಾಡು, ಪ್ರಾಣಾಪಾಯವಿಲ್ಲದಿದ್ದರೆ ಅಂತರಲಿಂಗಿ (ದೇಹಲಕ್ಷಣದಿಂದ ಗಂಡೋ ಹೆಣ್ಣೋ ಎಂದು ಸ್ಪಷ್ಟವಾಗಿ ಹೇಳಲಾಗದ) ಶಿಶುಗಳಿಗೆ ಲಿಂಗ ‘ಸರಿಪಡಿಸುವ’ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಆದೇಶಿಸಿತು. ರೈಮರ್ ಪ್ರಕರಣ ಓದಿದವರಿಗೆ ಅದರ ಹಿಂದಿನ ಎಚ್ಚರ ಅರ್ಥವಾದೀತು. ಗಂಡು ಶಿಶುವಿನದು ಬೇರೆಯೇ ಸಂಕಟ. ಜನನಾಂಗ ಎಂದಿನಂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮನೆಗೆ ಹೋದ ಎರಡು ಮೂರು ವಾರಗಳಲ್ಲಿ ದೇಹದ ಉಪ್ಪಿನಂಶವೆಲ್ಲ ಮೂತ್ರದಲ್ಲಿ ಸೋರಿ, ವಾಂತಿ, ಸುಸ್ತು ಶುರುವಾಗಬಹುದು. ಅದನ್ನು ಸೋಂಕೆಂದು ತಿಳಿದು ಚಿಕಿತ್ಸೆ ಕೊಡುವಷ್ಟರಲ್ಲಿ ಮಗು ಕೈಮೀರಿರಬಹುದು. ದೇಶದಾದ್ಯಂತ ಎಲ್ಲ ನವಜಾತ ಶಿಶುಗಳಿಗೂ ಕಡ್ಡಾಯವಾಗಿ ಈ ಪರೀಕ್ಷೆ ನಡೆಯುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಇಲ್ಲ. ಬೇಕಾಗಿರುವುದು ಹುಟ್ಟಿದ ಎರಡನೇ ದಿನ ದಾಟಿದ ಮೇಲೆ ಹಿಮ್ಮಡಿಯಿಂದ ತೆಗೆಯುವ ಕೆಲವು ಹನಿ ರಕ್ತ. ಹೆರಿಗೆಗೆ ಸೇರುವಾಗಲೇ ‘ಸಿಎಎಚ್ ಪರೀಕ್ಷೆ ಇದೆಯೇ’ ಎಂದು ಕೇಳಬಹುದು. ಮನೆತನದಲ್ಲಿ ಹಿಂದೆ ಯಾವುದಾದರೂ ಶಿಶು ಕಾರಣ ತಿಳಿಯದೆ ಮೊದಲ ತಿಂಗಳಲ್ಲೇ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.